ದೊಡ್ಡ ಬೈಕ್ ತಗೋಬೇಕು: ಯಾವ ಕಂಪನಿಯಿಂದ ನಮಗೇನು ಸಿಕ್ಕಿದೆ? ಓಡಿಸಿದವರು ಹೇಳಿ

ಪ್ರಶ್ನೆ:
ಇಷ್ಟು ದಿನ 125 ಸಿಸಿ ಗಾಡಿ ಓಡಿಸಿದ್ದೇನೆ. ದೂರದ ಓಡಾಟಕ್ಕೆ ದೊಡ್ಡದೊಂದು ತಗೋಬೇಕು ಅಂತಿದ್ದೇನೆ. ಯಾರನ್ನು ಕೇಳಿದರೂ ತಮ್ಮ ಕಂಪನಿಯನ್ನೇ ಹೊಗಳುತ್ತಾರೆ. ನನಗೆ ಬೇಕಿರುವುದು ಇಷ್ಟೇ: ಯಾವ ಕಂಪನಿಯಿಂದ ಓಡಿಸುವವನಿಗೆ ನಿಜವಾಗಿ ಏನು ಸಿಕ್ಕಿತು, ಅದು ಇವತ್ತು ಗಾಡಿ ಮೇಲೆ ಕೂತಾಗ ಗೊತ್ತಾಗುತ್ತದಾ?

ಉತ್ತರ 1:
ನಾನು ಹೋಂಡಾ ಕಡೆಯವನು, ಮೊದಲೇ ಹೇಳಿಬಿಡುತ್ತೇನೆ. 1969ರಲ್ಲಿ ಬಂದ ಸಿಬಿ750ರಲ್ಲಿ ನಾಲ್ಕು ಸಿಲಿಂಡರ್, ಮುಂದೆ ಡಿಸ್ಕ್ ಬ್ರೇಕ್, ಸೆಲ್ಫ್ ಸ್ಟಾರ್ಟ್ ಮೂರೂ ಒಟ್ಟಿಗೆ ಇದ್ದವು. ಅದಕ್ಕೂ ಮೊದಲೇ, 1958ರ ಸೂಪರ್ ಕಬ್‌ನಲ್ಲಿ ಕ್ಲಚ್ ಲಿವರೇ ಇರಲಿಲ್ಲ, ಗೇರ್ ಪೆಡಲ್ ಒತ್ತಿದರೆ ಸಾಕು. 2017ಕ್ಕೆ ಆ ಸರಣಿಯ ಗಾಡಿಗಳು 10 ಕೋಟಿ ದಾಟಿದವು. ಬೈಕ್ ಓಡಿಸೋದು ಎಂಜಿನ್ ಬಿಚ್ಚಿ ಜೋಡಿಸಲು ಬರುವವರ ಕೆಲಸ ಮಾತ್ರ ಅಲ್ಲ ಅಂತ ತೋರಿಸಿದ್ದೇ ಇವರ ದೊಡ್ಡ ಕೆಲಸ ಅಂತ ನನ್ನ ಲೆಕ್ಕ. ಈಗಿನ ಮಾತಿಗೆ ಬಂದರೆ, ನನ್ನ 600 ಸಿಸಿ ನಾಲ್ಕು ಸಿಲಿಂಡರ್ ಗಾಡಿ ಬೆಣ್ಣೆ ಹಾಗೆ ಓಡುತ್ತದೆ, ಆದರೆ ಆರ್‌ಪಿಎಂ (ಎಂಜಿನ್ ತಿರುಗುವ ವೇಗ) ಮೇಲೇರುವ ತನಕ ನಿದ್ದೆ ಮಾಡುತ್ತಿರುತ್ತದೆ. ಕಡಿಮೆ ಆರ್‌ಪಿಎಂನಲ್ಲೇ ಎಳೆತ ಬೇಕು ಅನ್ನುವವರು ಎರಡು ಸಿಲಿಂಡರ್ ನೋಡಿ.

ಉತ್ತರ 2:
ನನ್ನದು ಬಿಎಂಡಬ್ಲ್ಯು ಬಾಕ್ಸರ್. ಎರಡು ಸಿಲಿಂಡರ್ ಎಡಕ್ಕೊಂದು ಬಲಕ್ಕೊಂದು ಚಾಚಿಕೊಂಡಿರುತ್ತವೆ, ಹಿಂದಿನ ಚಕ್ರ ತಿರುಗಿಸಲು ಚೈನ್ ಬದಲು ಶಾಫ್ಟ್ (ಉದ್ದನೆಯ ದಂಡ). 1923ರ ಆರ್32ರಿಂದ ಇದೇ ಜೋಡಣೆ. ಮಳೆಯಲ್ಲಿ ಇಡೀ ದಿನ ಓಡಿಸಿ ಬಂದ ಸಂಜೆ ಪಕ್ಕದವರು ಚೈನ್ ತೊಳೆದು ಲ್ಯೂಬ್ ಹಾಕುತ್ತಾ ಕೂತಿದ್ದರೆ ನಾನು ಆರಾಮಾಗಿ ಕಾಲು ಚಾಚಿರುತ್ತೇನೆ, ಆ ಖುಷಿ ಬೇರೆ! ನಿಂತಲ್ಲೇ ಆಕ್ಸಿಲರೇಟರ್ ತಿರುವಿದರೆ ಗಾಡಿ ಪಕ್ಕಕ್ಕೆ ಓಲಾಡುತ್ತದೆ, ಹೊಸಬರು ಗಾಬರಿಯಾಗುತ್ತಾರೆ, ಓಡುವಾಗ ಅದು ಗಮನಕ್ಕೇ ಬರುವುದಿಲ್ಲ. ಎಂಜಿನ್ ವಾಲ್ವುಗಳ ಸಂದು (ಕ್ಲಿಯರೆನ್ಸ್) ನೋಡಲು ಟ್ಯಾಂಕ್ ಬಿಚ್ಚಬೇಕಿಲ್ಲ. ಆದರೆ ನಿಧಾನವಾಗಿ ಹೋಗುವಾಗ ಬಿದ್ದರೆ ಮೊದಲು ನೆಲಕ್ಕೆ ತಾಗುವುದೂ ಅದೇ ಸಿಲಿಂಡರ್ ಹೆಡ್ಡು, ಗಾರ್ಡ್ ಹಾಕಿಸಿ.

ಇನ್ನೊಂದು. ಬೈಕಿಗೆ ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದರೂ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಮೊದಲು ತಂದವರೂ ಇವರೇ, 1988ರಲ್ಲಿ ಕೆ100 ಗಾಡಿಗೆ. ಆಗ ಅದರ ತೂಕವೇ ಸುಮಾರು 11 ಕೆಜಿ ಇತ್ತು. ಈಗ ಸಣ್ಣ ಗಾಡಿಗಳಲ್ಲೂ ಬರುತ್ತದೆ, ಯಾರು ತಂದರು ಅಂತ ಯಾರೂ ಕೇಳುವುದಿಲ್ಲ.

ಉತ್ತರ 3:
ಮೇಲಿನವರು ಹೇಳಿದ ಕೊನೆಯ ಮಾತೇ ಮುಖ್ಯ ಅಲ್ವಾ? ಒಬ್ಬರು ಕಂಡುಹಿಡಿದದ್ದು ಕೆಲವು ವರ್ಷಗಳಲ್ಲಿ ಎಲ್ಲರ ಪಾಲಾಗುತ್ತದೆ. ಡಿಸ್ಕ್ ಬೇಕು ಅಂತ ಹೋಂಡಾನೇ ತಗೋಬೇಕಿಲ್ಲ, ಎಬಿಎಸ್ ಬೇಕು ಅಂತ ಬಿಎಂಡಬ್ಲ್ಯು ಬೇಕಿಲ್ಲ. ಉಳಿಯುವ ವ್ಯತ್ಯಾಸ ಅಂದರೆ ಎಂಜಿನ್ನಿನ ಬಡಿತ ಮತ್ತು ಕೂರುವ ಭಂಗಿ. ಇದಕ್ಕೆ ಉದಾಹರಣೆ ಪ್ಯಾರಲಲ್ ಟ್ವಿನ್, ಅಂದರೆ ಎರಡು ಸಿಲಿಂಡರ್ ಅಕ್ಕಪಕ್ಕ ಇರುವ ಎಂಜಿನ್. 1937ರಲ್ಲಿ ಟ್ರಯಂಫ್ ಸ್ಪೀಡ್ ಟ್ವಿನ್ ತಂದಾಗ ಎರಡೂ ಪಿಸ್ಟನ್ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತಿದ್ದವು. 1995ರಲ್ಲಿ ಯಮಹಾ ಟಿಆರ್‌ಎಕ್ಸ್850ರಲ್ಲಿ ಕ್ರ್ಯಾಂಕನ್ನು (ಪಿಸ್ಟನ್‌ಗಳು ತಿರುಗಿಸುವ ದಂಡ) 270 ಡಿಗ್ರಿಗೆ ಬದಲಿಸಿ, ಎರಡೂ ಪಿಸ್ಟನ್ ಒಟ್ಟಿಗೆ ಏರದಂತೆ ಮಾಡಿತು. ಆಗ ಬಡಿತ ಒಂದೇ ಸಮ ಇರುವುದಿಲ್ಲ, ವಿ-ಟ್ವಿನ್ (ಎರಡು ಸಿಲಿಂಡರ್ V ಆಕಾರದಲ್ಲಿರುವ ಎಂಜಿನ್) ಹಾಗೆ ಕೇಳುತ್ತದೆ, ಹಿಂದಿನ ಚಕ್ರ ನೆಲ ಹಿಡಿದಿದೆಯೋ ಇಲ್ಲವೋ ಅಂತ ಕೂತ ಜಾಗಕ್ಕೇ ಗೊತ್ತಾಗುತ್ತದೆ. ಈಗ ಟ್ರಯಂಫ್ ತಾನೇ ಅದನ್ನು ಬಳಸುತ್ತದೆ, ರಾಯಲ್ ಎನ್‌ಫೀಲ್ಡ್‌ನ 650 ಟ್ವಿನ್‌ನಲ್ಲೂ ಅದೇ. ನಾನು ಎರಡೂ ಬಗೆಯ ಕ್ರ್ಯಾಂಕ್ ಓಡಿಸಿದ್ದೇನೆ. ಒದ್ದೆ ರಸ್ತೆಯಲ್ಲಿ 270 ಡಿಗ್ರಿಯದ್ದೇ ಧೈರ್ಯ ಕೊಡುತ್ತದೆ. ಸಿಂಗಲ್ ಸಿಲಿಂಡರ್ ಇಷ್ಟ ಇದ್ದರೆ ಅದೂ ಸರಿ, ಆದರೆ ಜಾಸ್ತಿ ವೇಗದಲ್ಲಿ ಗಂಟೆಗಟ್ಟಲೆ ಹೋದರೆ ಕೈ ಜುಮ್ಮೆನ್ನುತ್ತದೆ.

ಉತ್ತರ 4:
ಸ್ಪೋರ್ಟ್ಸ್ ಬೈಕ್ ಮರೆತೇಬಿಟ್ರಲ್ಲ! 1985ರ ಸುಜುಕಿ ಜಿಎಸ್‌ಎಕ್ಸ್-ಆರ್750 ಬರದಿದ್ದರೆ ರೇಸ್ ಗಾಡಿಯಂಥದ್ದು ರಸ್ತೆಗೆ ಯಾವಾಗ ಬರುತ್ತಿತ್ತೋ. ಅಲ್ಯೂಮಿನಿಯಂ ಫ್ರೇಮ್, ಆಯಿಲ್ ಕೂಲಿಂಗ್, ಅಷ್ಟು ಹಗುರ. ಆಮೇಲೆ 1998ರ ಯಮಹಾ ಆರ್1. ಗೇರ್‌ಬಾಕ್ಸಿನ ಶಾಫ್ಟ್‌ಗಳನ್ನು ಒಂದರ ಮೇಲೊಂದು ಇಟ್ಟು ಎಂಜಿನ್ ಉದ್ದ ಕಡಿಮೆ ಮಾಡಿದರು, ಉಳಿದ ಜಾಗದಲ್ಲಿ ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಉದ್ದ ಮಾಡಿದರು. ತಿರುವಿನಿಂದ ಆಚೆ ಬರುವಾಗ ಜೋರಾಗಿ ಆಕ್ಸಿಲರೇಟರ್ ಕೊಟ್ಟರೂ ಹಿಂಭಾಗ ಅಂಕೆಯಲ್ಲಿರುತ್ತದೆ. ಡುಕಾಟಿಯ ಡೆಸ್ಮೊ ಎಂಜಿನ್‌ನಲ್ಲಿ ವಾಲ್ವ್ ಮುಚ್ಚುವುದಕ್ಕೆ ಸ್ಪ್ರಿಂಗ್ ಇಲ್ಲ, ತೆರೆಯುವ ಹಾಗೆ ಮುಚ್ಚುವುದಕ್ಕೂ ಕ್ಯಾಮೇ (ವಾಲ್ವನ್ನು ತಳ್ಳುವ ಉಬ್ಬು). ಕೇಳೋಕೆ ಚೆನ್ನಾಗಿದೆ, ರಸ್ತೆಯಲ್ಲಿ ನನಗೇನೂ ಗೊತ್ತಾಗಿಲ್ಲ. ನಿಮ್ಮ ದೂರದ ಓಡಾಟಕ್ಕೆ ಇವು ಯಾವುವೂ ಬೇಡ ಬಿಡಿ, ಮಣಿಕಟ್ಟು ನೋವು ಖಾತ್ರಿ.

ಉತ್ತರ 5:
ನನ್ನ ಪ್ರಕಾರ ಈಚಿನ ವರ್ಷಗಳಲ್ಲಿ ನಿಜವಾಗಿ ಉಪಯೋಗಕ್ಕೆ ಬಂದದ್ದು ಕೆಟಿಎಂನ 1190 ಅಡ್ವೆಂಚರ್‌ನಲ್ಲಿ ಬಾಷ್ ಕಂಪನಿ ಜೊತೆ ಸೇರಿ ತಂದ ಕಾರ್ನರಿಂಗ್ ಎಬಿಎಸ್, ಅಂದರೆ ತಿರುವಿನಲ್ಲೂ ಕೆಲಸ ಮಾಡುವ ಎಬಿಎಸ್. ಮಾಮೂಲಿ ಎಬಿಎಸ್ ನೇರ ರಸ್ತೆಗೆ ಸರಿ. ಗಾಡಿ ವಾಲಿಸಿದಾಗ ಗಾಬರಿಯಲ್ಲಿ ಮುಂದಿನ ಬ್ರೇಕ್ ಹಿಡಿದರೆ ಗಾಡಿ ಎದ್ದು ನಿಂತು ತಿರುವಿನ ಆಚೆ ಹೋಗುತ್ತದೆ. ಇದು ಎಷ್ಟು ವಾಲಿದೆ ಅಂತ ಸೆನ್ಸರ್‌ನಲ್ಲಿ ಅಳೆದು ಬ್ರೇಕಿನ ಒತ್ತಡವನ್ನು ಮೆಲ್ಲಗೆ ಏರಿಸುತ್ತದೆ. ಯಾವ ಕಂಪನಿಯಾದರೂ ಆಗಲಿ, ನಿಮ್ಮ ಬಜೆಟ್ಟಿನಲ್ಲಿ ಇದು ಸಿಗುತ್ತದಾ ಅಂತ ಮೊದಲು ಕೇಳಿ. ಟಚ್ ಸ್ಕ್ರೀನ್ ಆಮೇಲೆ ನೋಡೋಣ.

ಪಾರ್ಟ್ಸ್ ವಿಷಯವನ್ನು ಯಾರೂ ಹೇಳಲಿಲ್ಲ. ಹೆಸರು ಬೇಡ, ಒಂದು ಕಂಪನಿಯ ಗಾಡಿಗೆ ಕ್ಲಚ್ ಲಿವರ್ ಮುರಿದಾಗ ಹೊಸದು ಬರುವಷ್ಟರಲ್ಲಿ ರಜೆಯೇ ಮುಗಿದಿತ್ತು. ಟೆಸ್ಟ್ ರೈಡ್‌ಗೆ ಹೋದಾಗ ಲಿವರ್, ಬ್ರೇಕ್ ಪ್ಯಾಡ್, ಕೇಬಲ್ ಸ್ಟಾಕ್ ಇದೆಯಾ ಅಂತ ಅಲ್ಲೇ ವಿಚಾರಿಸಿ. ಹಿಂದೆ ಕೂರುವವರು ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ, ಟ್ರಾಫಿಕ್ಕಿನಲ್ಲಿ ಎಂಜಿನ್ ಬಿಸಿ ಯಾರ ಕಾಲಿಗೆ ಹೊಡೆಯುತ್ತದೆ ಅಂತ ಆಗಲೇ ಗೊತ್ತಾಗಲಿ.