ನಿವೃತ್ತಿಯ ನಂತರದ ಸೈಕಲ್ ಸವಾರಿ: ಚೀಲದಲ್ಲಿ ಯಾವ ಉಪಕರಣಗಳಿರಬೇಕು?

ಪ್ರಶ್ನೆ: ನಿವೃತ್ತ ಶಿಕ್ಷಕ, ಮೈಸೂರು

ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ನಾನು ಅರವತ್ತು ತುಂಬಿದಾಗ ನಿವೃತ್ತನಾದೆ. ಈಗ ನನಗೆ 64 ವರ್ಷ. ಕೆಲಸದಲ್ಲಿದ್ದಷ್ಟು ಕಾಲವೂ ಸ್ಕೂಟರನ್ನೇ ನಂಬಿಕೊಂಡಿದ್ದವನು ಎರಡು ವರ್ಷಗಳ ಹಿಂದೆ ಮಗಳು ಕೊಡಿಸಿದ ಗೇರ್ ಸೈಕಲ್ಲಿನ ದೆಸೆಯಿಂದ ಮತ್ತೆ ಪೆಡಲ್ ತುಳಿಯತೊಡಗಿದೆ. ಹಾಲು, ತರಕಾರಿ, ಬ್ಯಾಂಕು, ಗ್ರಂಥಾಲಯ ಎಲ್ಲಕ್ಕೂ ಈಗ ಅದೇ ವಾಹನ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಕಡೆಗೆ ಹೋಗಿ ಬರುತ್ತೇನೆ, ತಿಂಗಳಿಗೊಮ್ಮೆ ಶ್ರೀರಂಗಪಟ್ಟಣದವರೆಗೂ ಹೋಗುವುದುಂಟು.

ಕಳೆದ ತಿಂಗಳು ವರುಣಾ ನಾಲೆಯ ಏರಿಯ ಮೇಲೆ ಹೋಗುತ್ತಿದ್ದಾಗ ನೆಗ್ಗಿಲ ಮುಳ್ಳು ಚುಚ್ಚಿ ಹಿಂದಿನ ಚಕ್ರದ ಗಾಳಿ ಪೂರ್ತಿ ಇಳಿದುಹೋಯಿತು. ಚೀಲದಲ್ಲಿ ಸುತ್ತಿಗೆ, ಕಟಿಂಗ್ ಪ್ಲೇಯರ್, ದೊಡ್ಡ ಸ್ಪ್ಯಾನರ್, ಎರಡು ಸ್ಕ್ರೂಡ್ರೈವರ್ ಸೇರಿ ಎರಡೂವರೆ ಕಿಲೋ ಸಾಮಾನಿತ್ತು. ಅದರಲ್ಲಿ ಒಂದೂ ಆ ಹೊತ್ತಿಗೆ ಉಪಯೋಗಕ್ಕೆ ಬರಲಿಲ್ಲ. ಐದು ಕಿಲೋಮೀಟರ್ ತಳ್ಳಿಕೊಂಡು ಬಂದ ಮೇಲೆ ಸಿಕ್ಕ ಪಂಕ್ಚರ್ ಅಂಗಡಿಯಲ್ಲಿ ಬೈಕಿನ ಟ್ಯೂಬ್‌ಲೆಸ್ ಟೈರುಗಳಿಗೆ ಮಾತ್ರ ರಿಪೇರಿ ಮಾಡುತ್ತಿದ್ದರು. ನಾನು ಹುಡುಗನಾಗಿದ್ದಾಗ ಬೀದಿಗೊಂದು ಸೈಕಲ್ ಶಾಪು ಇರುತ್ತಿತ್ತು. ಕರಿ ಸೈಕಲ್ಲಿನ ಟ್ಯೂಬನ್ನು ತೊಟ್ಟಿಯ ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡುವುದನ್ನು ನಿಂತು ನೋಡಿ ಕಲಿತಿದ್ದೆ. ಆ ವಿದ್ಯೆ ಈ ಹೊಸ ಸೈಕಲ್ಲಿಗೆ ಎಷ್ಟು ಅನ್ವಯಿಸುತ್ತದೆ ಎಂಬುದು ನನಗೆ ತಿಳಿಯುತ್ತಿಲ್ಲ.

ಮನೆಯಲ್ಲಿ, ಏನೂ ಒಯ್ಯಬೇಡಿ, ಕೆಟ್ಟರೆ ಫೋನ್ ಮಾಡಿ, ಬಂದು ಕರೆದುಕೊಂಡು ಹೋಗುತ್ತೇವೆ ಎನ್ನುತ್ತಾರೆ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಯಾರನ್ನೂ ಕರೆಯದೆ ಹೋಗಿ ಬರಬಲ್ಲೆ ಎಂಬ ಧೈರ್ಯಕ್ಕಾಗಿಯೇ ನಾನು ಈ ವಯಸ್ಸಿನಲ್ಲಿ ಸೈಕಲ್ಲು ಹತ್ತಿದ್ದು. ಹಾಗಾಗಿ ಯಾವುದನ್ನು ಚೀಲದಲ್ಲಿ ಇಟ್ಟುಕೊಳ್ಳಬೇಕು, ಯಾವುದನ್ನು ಮನೆಯಲ್ಲೇ ಬಿಡಬೇಕು ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಉತ್ತರ 1: ನಿವೃತ್ತ ಫಿಟ್ಟರ್, ಹುಬ್ಬಳ್ಳಿ

ಗುರುಗಳೇ, ನಾನು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು. ಮೊದಲು ಒಂದು ಕೆಲಸ ಮಾಡಿರಿ. ಸೈಕಲ್ಲನ್ನು ಅಂಗಳದಲ್ಲಿ ನಿಲ್ಲಿಸಿ ಅದರ ಒಂದೊಂದು ನಟ್ಟು ಬೋಲ್ಟನ್ನೂ ನೋಡುತ್ತಾ, ಯಾವುದಕ್ಕೆ ಯಾವ ಪಾನಾ ಕೂಡುತ್ತದೆ ಎಂದು ಕಾಗದದಲ್ಲಿ ಬರೆದುಕೊಳ್ಳಿರಿ. ಆ ಕಾಗದದಲ್ಲಿ ಇಲ್ಲದ್ದು ಚೀಲದಲ್ಲಿಯೂ ಬೇಡ. ಗೇರ್ ಸೈಕಲ್ಲಿನಲ್ಲಿ ಹ್ಯಾಂಡಲ್, ಸೀಟು, ಬ್ರೇಕು ಬಹುತೇಕ 4, 5, 6 ಮಿಲಿಮೀಟರಿನ ಅಲನ್ ಕೀಗಳಿಗೇ, ಅಂದರೆ ಆರು ಮೂಲೆಯ ಬಾಗಿದ ಕಡ್ಡಿಯಂಥ ಕೀಗಳಿಗೇ, ಬಗ್ಗುತ್ತವೆ. ಅದರಲ್ಲಿಯೂ 5ರ ಕೀ ಹೆಚ್ಚು ಬಳಕೆಯಾಗುತ್ತದೆ. ಚಕ್ರಕ್ಕೆ ಕೈಯಿಂದಲೇ ಬಿಚ್ಚುವ ಹಿಡಿಕೆ ಇದ್ದರೆ ಪಾನಾದ ಅಗತ್ಯವೇ ಇಲ್ಲ. ನಟ್ಟು ಇದ್ದರೆ ಅದರ ಅಳತೆಯ ಪಾನಾ, ಸಾಮಾನ್ಯವಾಗಿ 15 ಮಿಲಿಮೀಟರಿನದು, ಇಲ್ಲದೆ ಮನೆ ಬಿಟ್ಟು ಹೊರಡಬಾರದು. ಸುತ್ತಿಗೆಯನ್ನು ಮನೆಯಲ್ಲಿಯೇ ಇಡಿರಿ.

ಟೈರು ಬಿಡಿಸಲು ಪ್ಲಾಸ್ಟಿಕ್ಕಿನ ಲಿವರ್ ಎರಡು ಸಾಕು. ಸ್ಕ್ರೂಡ್ರೈವರಿನಿಂದ ಎತ್ತಿದರೆ ಒಂದು ತೂತಿನ ಜಾಗದಲ್ಲಿ ಎರಡಾಗುತ್ತವೆ. ವರ್ಕ್‌ಶಾಪಿನ ಹೊಸ ಹುಡುಗರಿಗೆ ಇದನ್ನು ಹೇಳಿ ಹೇಳಿ ನನಗೆ ಸಾಕಾಗಿತ್ತು. ದಾರಿಯಲ್ಲಿ ಕುಳಿತು ಪ್ಯಾಚ್ ಹಚ್ಚುವುದಕ್ಕಿಂತ ಹೊಸ ಟ್ಯೂಬನ್ನೇ ಹಾಕಿಕೊಂಡು ಬರುವುದು ಸುಲಭ. ಕೊಳ್ಳುವಾಗ ಟೈರಿನ ಪಕ್ಕದಲ್ಲಿ ಅಚ್ಚೊತ್ತಿದ ಅಳತೆಯ ಜೊತೆಗೆ ವಾಲ್ವನ್ನೂ ನೋಡಬೇಕು. ಬೈಕಿನ ವಾಲ್ವಿನಂಥ ದಪ್ಪ ವಾಲ್ವು ಸಣ್ಣ ತೂತಿನ ರಿಮ್ಮಿನಲ್ಲಿ ಇಳಿಯುವುದೇ ಇಲ್ಲ. ಪಂಪು ತೀರ ಚಿಕ್ಕದಾಗಿದ್ದರೆ ನೂರಾರು ಸಲ ಒತ್ತಬೇಕಾಗುತ್ತದೆ, ನಮ್ಮ ವಯಸ್ಸಿನ ಮಣಿಕಟ್ಟು ಅದನ್ನು ತಾಳುವುದಿಲ್ಲ. ಸಣ್ಣ ರಬ್ಬರ್ ಕೊಳವೆ ಇರುವ, ಒಂದು ತುದಿಯನ್ನು ನೆಲಕ್ಕೂರಿ ಮೈಭಾರದಿಂದ ಒತ್ತಬಹುದಾದ ಪಂಪು ತೆಗೆದುಕೊಳ್ಳಿರಿ.

ಹೊಸ ಟ್ಯೂಬು ಹಾಕುವ ಮೊದಲು ಟೈರಿನ ಒಳಮೈಯನ್ನು ಒಂದು ಬಟ್ಟೆಯಿಂದ ಸುತ್ತಲೂ ಸವರಬೇಕು. ಮುಳ್ಳಿನ ಮೊನೆ ಉಳಿದಿದ್ದರೆ ಬಟ್ಟೆಯ ಎಳೆ ಅಲ್ಲಿ ಸಿಕ್ಕಿಕೊಳ್ಳುತ್ತದೆ, ಬೆರಳಿಗೆ ಗಾಯವೂ ಆಗುವುದಿಲ್ಲ.

ಉತ್ತರ 2: ನಿವೃತ್ತ ಶುಶ್ರೂಷಕಿ, ಶಿವಮೊಗ್ಗ

ಮೇಲಿನವರು ಸೈಕಲ್ಲಿಗೆ ಬೇಕಾದದ್ದನ್ನು ಹೇಳಿದ್ದಾರೆ. ನಾನು ಸವಾರರಿಗೆ ಬೇಕಾದದ್ದನ್ನು ಹೇಳುತ್ತೇನೆ, ಏಕೆಂದರೆ ಅದೂ ಅದೇ ಚೀಲದಲ್ಲಿ ಇರಬೇಕಾದ ಸಾಮಾನು. ಹತ್ತಿರದ್ದನ್ನು ನೋಡುವ ಕನ್ನಡಕವನ್ನು ಮರೆತು ಹೊರಟರೆ ಟ್ಯೂಬಿನ ತೂತು ನಿಮಗೆ ಕಾಣಿಸುವುದೇ ಇಲ್ಲ. ನನಗೆ ಹಾಗೆ ಒಮ್ಮೆ ಆಗಿದ್ದರಿಂದ ಈಗ ಹಳೆಯ ಕನ್ನಡಕವೊಂದನ್ನು ಉಪಕರಣದ ಚೀಲದಲ್ಲೇ ಕಾಯಂ ಆಗಿ ಇಟ್ಟಿದ್ದೇನೆ.

ಇನ್ನೊಂದು ಮುಖ್ಯ ವಿಷಯವೆಂದರೆ ಕುಕ್ಕರಗಾಲಿನಲ್ಲಿ ಕುಳಿತು ರಿಪೇರಿ ಮಾಡುವುದು. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು ಬಿಸಿಲಿನಲ್ಲಿ ಅರ್ಧ ಗಂಟೆ ಹಾಗೆ ಕುಳಿತು ತಟ್ಟನೆ ಎದ್ದರೆ ಒತ್ತಡ ಇಳಿದು ತಲೆಸುತ್ತು ಬರಬಹುದು, ಬೀಳಲೂಬಹುದು. ಆದ್ದರಿಂದ ಗಾಳಿ ಹೋದ ಜಾಗದಲ್ಲೇ ಕೂರಬೇಡಿ. ನೆರಳಿರುವ ಮೋರಿಕಟ್ಟೆಯವರೆಗೆ ಸೈಕಲ್ಲನ್ನು ತಳ್ಳಿಕೊಂಡು ಹೋಗಿ, ಕಟ್ಟೆಯ ಮೇಲೆ ಕುಳಿತು, ಬಿಚ್ಚಿದ ಚಕ್ರವನ್ನು ತೊಡೆಯ ಮೇಲಿಟ್ಟುಕೊಂಡು ಕೆಲಸ ಮಾಡಿ. ಏಳುವಾಗ ನಿಧಾನವಾಗಿ, ಸೈಕಲ್ಲಿನ ಬದಲು ಕಟ್ಟೆಯನ್ನು ಹಿಡಿದು ಏಳಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಸಣ್ಣ ಗಾಯದ ರಕ್ತವೂ ಬೇಗ ನಿಲ್ಲುವುದಿಲ್ಲವಾದ್ದರಿಂದ ಕೈಗವಸು ಮತ್ತು ಗಾಯಕ್ಕೆ ಕಟ್ಟುವ ಶುದ್ಧವಾದ ಬಟ್ಟೆ ಇರಲಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಗ್ಲೂಕೋಸ್ ಪೊಟ್ಟಣ ಇಟ್ಟುಕೊಳ್ಳಬೇಕು. ಹೆಸರು, ರಕ್ತದ ಗುಂಪು, ಮಾತ್ರೆಗಳ ಹೆಸರು, ಮನೆಯವರ ಸಂಖ್ಯೆ ಬರೆದ ಚೀಟಿಯೂ ಬೇಕು, ಏಕೆಂದರೆ ಬೀಗ ಹಾಕಿದ ಫೋನನ್ನು ದಾರಿಹೋಕರು ತೆರೆಯಲಾರರು. ತುರ್ತಿಗೆ 112 ಇದ್ದೇ ಇದೆ.

ಉತ್ತರ 3: ಕೃಷಿಕ, ಪುತ್ತೂರು

ಹುಬ್ಬಳ್ಳಿಯವರ ಒಂದು ಮಾತಿಗೆ ಮಾತ್ರ ನನ್ನ ಭಿನ್ನಾಭಿಪ್ರಾಯವಿದೆ. ನೆಗ್ಗಿಲ ಮುಳ್ಳು ಒಂದೇ ಕಡೆ ಚುಚ್ಚಿ ಸುಮ್ಮನಾಗುವುದಿಲ್ಲ, ಆ ಬಳ್ಳಿ ಹಬ್ಬಿದ ಜಾಗದಲ್ಲಿ ಹಾದುಹೋದರೆ ಎರಡೂ ಚಕ್ರ ಒಟ್ಟಿಗೆ ಹೋಗಬಹುದು. ಆಗ ಒಂದು ಹೊಸ ಟ್ಯೂಬು ಸಾಲದು. ಪ್ಯಾಚ್, ಉಪ್ಪುಕಾಗದ, ಪ್ಯಾಚ್ ಅಂಟಿಸುವ ಸಲ್ಯೂಷನ್ ಸಹ ಜೊತೆಗಿರಬೇಕು. ಸಲ್ಯೂಷನ್ ಟ್ಯೂಬನ್ನು ಒಮ್ಮೆ ತೆರೆದರೆ ಮುಚ್ಚಳ ಎಷ್ಟೇ ಬಿಗಿಯಾಗಿದ್ದರೂ ಕೆಲವೇ ತಿಂಗಳಲ್ಲಿ ಒಣಗಿಹೋಗುತ್ತದೆ, ಆದ್ದರಿಂದ ತೆರೆಯದ ಟ್ಯೂಬನ್ನೇ ಚೀಲದಲ್ಲಿಡಿ. ತೆಳುವಾಗಿ ಹಚ್ಚಿ, ಹಸಿ ಹೊಳಪು ಹೋಗುವವರೆಗೆ ಐದು ನಿಮಿಷ ಕಾದು, ಆಮೇಲೆ ಪ್ಯಾಚ್ ಒತ್ತಬೇಕು. ನೀರಿಲ್ಲದ ಕಡೆ ತೂತು ಹುಡುಕಲು ಟ್ಯೂಬಿಗೆ ಗಾಳಿ ತುಂಬಿ ಕೆನ್ನೆಯ ಹತ್ತಿರ ತಿರುಗಿಸಿದರೆ ಸಾಕು.

ನಮ್ಮ ಕಡೆ ಏರು ಇಳಿತ ಜಾಸ್ತಿ, ಮಳೆಯೂ ಜಾಸ್ತಿ. ಆದ್ದರಿಂದ ಬ್ರೇಕಿನ ರಬ್ಬರನ್ನು ವಾರಕ್ಕೊಮ್ಮೆ ನೋಡುತ್ತೇನೆ, ಮಳೆಯಲ್ಲಿ ನೆನೆದ ಚೈನನ್ನು ಅಂದೇ ಒರೆಸಿ ಎಣ್ಣೆ ಬಿಡುತ್ತೇನೆ. ಹರಿದ ಟ್ಯೂಬನ್ನು ಎಸೆಯಬೇಡಿ. ಎರಡು ಬೆರಳು ಅಗಲದ ಉದ್ದ ಪಟ್ಟಿಯಾಗಿ ಕತ್ತರಿಸಿಕೊಂಡರೆ ಕ್ಯಾರಿಯರಿನ ಮೇಲೆ ಬಾಳೆಗೊನೆಯನ್ನೂ ಅಲ್ಲಾಡದಂತೆ ಕಟ್ಟಬಹುದು.

ಪ್ರಶ್ನೆ ಕೇಳಿದವರಿಂದ, ಹತ್ತು ದಿನಗಳ ನಂತರ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಪಟ್ಟಿ ಬರೆದು ನೋಡಿದಾಗ ನನ್ನ ಚೀಲದ ಸಾಮಾನುಗಳಲ್ಲಿ ಈ ಸೈಕಲ್ಲಿಗೆ ಸಲ್ಲುವುದು ಒಂದು ಸ್ಕ್ರೂಡ್ರೈವರ್ ಮಾತ್ರ ಎಂದು ಗೊತ್ತಾಯಿತು. ಈಗ ಕನ್ನಡಕ, ಚೀಟಿ, ಟ್ಯೂಬು, ಪ್ಯಾಚ್ ಎಲ್ಲ ಸೇರಿ ಒಂದು ಕಿಲೋಗಿಂತ ಕಡಿಮೆ ತೂಗುತ್ತದೆ. ಸೀಟಿನ ಕೆಳಗೇ ಕೂರುವುದರಿಂದ ಕ್ಯಾರಿಯರ್ ತರಕಾರಿಗೆ ಉಳಿಯಿತು.

ಮನೆಯ ಜಗಲಿಯಲ್ಲಿ ಹಿಂದಿನ ಚಕ್ರ ಬಿಚ್ಚಿ ಟ್ಯೂಬು ಬದಲಾಯಿಸುವುದನ್ನು ಅಭ್ಯಾಸ ಮಾಡಿದೆ. ಮೊದಲ ಸಲ 50 ನಿಮಿಷ ಬೇಕಾಯಿತು, ಮೂರನೆಯ ಸಲ 25 ನಿಮಿಷ. ಪಕ್ಕದಲ್ಲಿ ಕುಳಿತು ನೋಡುತ್ತಿದ್ದ ಹೆಂಡತಿ, ಇನ್ನು ಶ್ರೀರಂಗಪಟ್ಟಣಕ್ಕೆ ಹೋದರೆ ನನಗೆ ಚಿಂತೆಯಿಲ್ಲ ಎಂದಳು. ಅದು ನನಗೆ ದೊಡ್ಡ ಮಾತು. ಉಳಿದಿರುವ ತೊಂದರೆ ಒಂದೇ. ಟೈರನ್ನು ರಿಮ್ಮಿಗೆ ಮರಳಿ ಕೂರಿಸುವಾಗ ಕೊನೆಯ ಗೇಣುದ್ದ ಎಷ್ಟು ಒತ್ತಿದರೂ ಒಳಗೆ ಹೋಗುವುದಿಲ್ಲ, ಹೆಬ್ಬೆರಳುಗಳು ಸೋಲುತ್ತವೆ. ಲಿವರ್ ಹಾಕಿದರೆ ಟ್ಯೂಬು ಸಿಕ್ಕಿಕೊಳ್ಳುವ ಭಯವಿದೆ. ಇದಕ್ಕೆ ಉಪಾಯವಿದೆಯೇ?

ಉತ್ತರ: ನಿವೃತ್ತ ಫಿಟ್ಟರ್, ಹುಬ್ಬಳ್ಳಿ

ಇದೆ, ಬಲ ಬೇಕಾಗಿಲ್ಲ. ನೀವು ವಾಲ್ವಿನ ಹತ್ತಿರದಿಂದ ಕೂರಿಸಲು ಆರಂಭಿಸುತ್ತಿರಬೇಕು. ವಾಲ್ವಿನ ಎದುರುಬದಿಯಿಂದ ಆರಂಭಿಸಿ, ಎರಡೂ ಕಡೆಯಿಂದ ಸಮನಾಗಿ ಬಂದು ವಾಲ್ವಿನ ಬಳಿ ಮುಗಿಸಿರಿ. ರಿಮ್ಮಿನ ನಡುವೆ ಒಂದು ತಗ್ಗು ಇರುತ್ತದೆ. ಈಗಾಗಲೇ ಕೂತ ಟೈರಿನ ಅಂಚನ್ನು ಎರಡೂ ಅಂಗೈಗಳಿಂದ ಸುತ್ತಲೂ ಹಿಚುಕುತ್ತಾ ಆ ತಗ್ಗಿಗೆ ಇಳಿಸಿದರೆ ಕೊನೆಯ ಗೇಣಿಗೆ ಬೇಕಾದ ಸಡಿಲು ತಾನಾಗಿ ಸಿಗುತ್ತದೆ. ವಾಲ್ವಿನ ಬಳಿ ಟ್ಯೂಬು ದಪ್ಪಗಿರುವುದರಿಂದ ಅಲ್ಲಿಂದ ಆರಂಭಿಸಿದವರಿಗೆ ಅಂಚು ಆ ತಗ್ಗಿನಲ್ಲಿ ಇಳಿಯುವುದಿಲ್ಲ. ಕೂತ ಮೇಲೆ ವಾಲ್ವನ್ನು ಒಮ್ಮೆ ಒಳಕ್ಕೆ ಒತ್ತಿ ಬಿಡಿರಿ, ಸ್ವಲ್ಪ ಗಾಳಿ ತುಂಬಿ ಟ್ಯೂಬು ಎಲ್ಲಿಯೂ ಹೊರಗೆ ಇಣುಕುತ್ತಿಲ್ಲವೆಂದು ಎರಡೂ ಬದಿ ನೋಡಿರಿ, ಆನಂತರ ಪೂರ್ತಿ ತುಂಬಿರಿ.