ಸೆಕೆಗೆ ‘ಬಿಸಿಗಾಳಿ’ ಅನ್ನಬಹುದಾ?

ಒಂದು ಪದದ ಬಗ್ಗೆ ನಿಮ್ಮೆಲ್ಲರ ಅಭಿಪ್ರಾಯ ಬೇಕಿತ್ತು.

ನಮ್ಮ ಮನೆ ಉಡುಪಿ ಕಡೆ, ಕಡಲಿಗೆ ಹತ್ತಿರ. ಕಳೆದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆ. ಒಂದು ದಿನ ಸಂಜೆ ನಾಲ್ಕು ಗಂಟೆಗೆ ಪೇಟೆಯಿಂದ ಬಂದು ನೋಡಿದರೆ ಅಮ್ಮ ಕಿಟಕಿ ಬಾಗಿಲೆಲ್ಲ ಮುಚ್ಚಿ ಒಳಗೆ ಕೂತಿದ್ದರು. ಹೆಗಲ ಮೇಲಿನ ಬೈರಾಸು ಹಿಂಡಿದರೆ ನೀರು ಬರುವಷ್ಟು ಒದ್ದೆ. ಕೈಯಲ್ಲಿ ಅಡಿಕೆ ಹಾಳೆಯ ಬೀಸಣಿಗೆ. ಕರೆಂಟೂ ಇರಲಿಲ್ಲ. ಯಾಕಮ್ಮ ಹೀಗೆ ಅಂದರೆ, ‘ಬಿಸಿಗಾಳಿ ಉಂಟಂತೆ, ಟಿವಿಯಲ್ಲಿ ಹೇಳಿದರು. ಒಳಗೆ ಬರುವುದು ಬೇಡ ಅಂತ ಮುಚ್ಚಿದೆ’ ಎಂದರು. ಹೊರಗೆ ತೆಂಗಿನ ಗರಿ ಕೂಡ ಅಲುಗುತ್ತಿರಲಿಲ್ಲ.

ಅಮ್ಮನದೇನೂ ತಪ್ಪಿಲ್ಲ. ಬಿಸಿಗಾಳಿ ಅಂದರೆ ಯಾರೇ ಆದರೂ ಕಿಟಕಿ ಮುಚ್ಚುತ್ತಾರೆ. ಕಲಬುರಗಿ, ರಾಯಚೂರಿನಲ್ಲಿ ಅದೇ ಸರಿಯಾದ ಕೆಲಸ. ಆದರೆ ಆ ಹೊತ್ತಿಗೆ ನಮ್ಮ ಮನೆಗೆ ಬೇಕಿದ್ದದ್ದು ಒಂದಿಷ್ಟು ಗಾಳಿ. ಪದ ತಪ್ಪಿದ್ದರಿಂದ ಅವರು ಮಾಡಬೇಕಾದ್ದಕ್ಕೆ ತದ್ವಿರುದ್ಧ ಮಾಡಿದ್ದರು. ಆವತ್ತಿನಿಂದ ಇದು ನನ್ನ ತಲೆಯಲ್ಲಿ ಕೊರೆಯುತ್ತಿದೆ.

ಭಾರತೀಯ ಹವಾಮಾನ ಇಲಾಖೆ ಕರಾವಳಿಯ ಬೇಸಿಗೆಗೆ ಎರಡು ಬೇರೆ ಬೇರೆ ಎಚ್ಚರಿಕೆ ಕೊಡುತ್ತದೆ. ಒಂದು ‘ಹೀಟ್ ವೇವ್’. ಕರಾವಳಿಯ ಊರಿಗೆ ಅದನ್ನು ಹೇಳಬೇಕಾದರೆ ಗರಿಷ್ಠ ಉಷ್ಣಾಂಶ ಕನಿಷ್ಠ 37 ಡಿಗ್ರಿ ಮುಟ್ಟಬೇಕು, ವಾಡಿಕೆಗಿಂತ 4.5 ಡಿಗ್ರಿಯಾದರೂ ಜಾಸ್ತಿ ಇರಬೇಕು. ಬಯಲುಸೀಮೆಗೆ ಈ ಮಿತಿ 40 ಡಿಗ್ರಿ. ಇನ್ನೊಂದು ‘ಹಾಟ್ ಅಂಡ್ ಹ್ಯೂಮಿಡ್’, ಅಂದರೆ ಬಿಸಿಯ ಜೊತೆಗೆ ಗಾಳಿಯಲ್ಲಿ ತೇವವೂ ಜಾಸ್ತಿ ಇರುವ ಹವೆ. ಏಪ್ರಿಲ್, ಮೇ ತಿಂಗಳಲ್ಲಿ ನಮಗೆ ಹೆಚ್ಚಾಗಿ ಬರುವುದು ಈ ಎರಡನೆಯದು. ಕನ್ನಡಕ್ಕೆ ಬರುವಾಗ ಮಾತ್ರ ಎಷ್ಟೋ ಸಲ ಎರಡೂ ‘ಬಿಸಿಗಾಳಿ’ಯೇ ಆಗಿಬಿಡುತ್ತವೆ. ಇಲ್ಲದಿದ್ದರೆ ‘ಬಿಸಿ ಮತ್ತು ಆರ್ದ್ರ ವಾತಾವರಣ’. ಆರ್ದ್ರ ಅಂದರೆ ನಮ್ಮ ಅಮ್ಮನಿಗೆ ನೆನಪಾಗುವುದು ಜೂನ್ ಕೊನೆಯ ಆರಿದ್ರೆ ಮಳೆ!

ಕರಾವಳಿಗೆ ಬಿಸಿಗಾಳಿ ಬರುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಫೆಬ್ರವರಿ ಕೊನೆ, ಮಾರ್ಚ್ ಹೊತ್ತಿಗೆ ಕೆಲವು ದಿನ ಘಟ್ಟದ ಕಡೆಯಿಂದ ಮೂಡುಗಾಳಿ ಜೋರಾಗಿ ಬೀಸುತ್ತದೆ. ಒಣಗಾಳಿ ಅದು. ದಿನಾ ಮಧ್ಯಾಹ್ನದ ಹೊತ್ತಿಗೆ ಬರಬೇಕಾದ ಕಡಲಗಾಳಿಯನ್ನು ಅದು ತಡೆದು ನಿಲ್ಲಿಸುತ್ತದೆ. ಕಡಲಗಾಳಿ ಬರುವುದು ತಡವಾದಷ್ಟೂ ಉಷ್ಣಾಂಶ ಏರುತ್ತಲೇ ಹೋಗುತ್ತದೆ. ಕಾರವಾರ, ಹೊನ್ನಾವರ, ಪಣಂಬೂರಿನಲ್ಲಿ ಮೇ ತಿಂಗಳನ್ನೂ ಮೀರಿಸುವ ಬಿಸಿ ಮಾರ್ಚ್‌ನಲ್ಲಿ ಕಾಣುವುದು ಇದಕ್ಕೇ. ಆ ದಿನಗಳಿಗೆ ‘ಬಿಸಿಗಾಳಿ’ ಅನ್ನುವುದು ಸರಿಯಾದ ಪದವೇ. ಏಪ್ರಿಲ್ ಬಂದ ಮೇಲಿನ ಕಥೆ ಬೇರೆ. ಆಗ ಗಾಳಿಯಲ್ಲಿ ನೀರಿನ ಪಸೆ ತುಂಬಿರುತ್ತದೆ, ಬೆವರು ಆರುವುದೇ ಇಲ್ಲ. ಬೆವರು ಆರಿದರೆ ತಾನೇ ಮೈ ತಂಪಾಗುವುದು? ಉಷ್ಣಾಂಶ 35 ಡಿಗ್ರಿ ಇದ್ದು, ಗಾಳಿಯ ತೇವ ಶೇಕಡಾ 60 ಇದ್ದರೆ, ಮೈಗೆ ಅದು ಸುಮಾರು 45 ಡಿಗ್ರಿಯ ಹಾಗೆ ತಟ್ಟುತ್ತದೆ.

ಇದಕ್ಕೆ ನಮ್ಮಲ್ಲಿ ಪದ ಇಲ್ಲವೇ? ಇದೆಯಲ್ಲ, ಸೆಕೆ!

ಈ ಪದ ಬಳಕೆಯಾಗುವ ರೀತಿಯನ್ನೇ ಸ್ವಲ್ಪ ನೋಡಿ. ‘ಹೊರಗೆ ಬಿಸಿಲಿದೆ’ ಅನ್ನುತ್ತೇವೆ. ‘ನನಗೆ ಬಿಸಿಲಾಗುತ್ತಿದೆ’ ಅಂತ ಯಾರೂ ಹೇಳುವುದಿಲ್ಲ. ಆದರೆ ‘ನನಗೆ ಸೆಕೆ ಆಗ್ತಿದೆ’ ಅನ್ನುತ್ತೇವೆ. ಹಸಿವು, ಚಳಿ, ನಿದ್ದೆಯ ಸಾಲಿನ ಪದ ಇದು. ಬಿಸಿಲು ಅಂಗಳದಲ್ಲಿರುತ್ತದೆ, ಸೆಕೆ ಮೈಗೆ ಆಗುತ್ತದೆ. ಅದಕ್ಕೇ ಮೋಡ ಕವಿದ ದಿನವೂ ಸೆಕೆ, ನಡುರಾತ್ರಿಯೂ ಸೆಕೆ. ಉಷ್ಣಾಂಶವೂ ತೇವವೂ ಸೇರಿ ಮೈಗೆ ಎಷ್ಟು ತಟ್ಟುತ್ತದೆ ಅಂತ ಹವಾಮಾನದವರು ಲೆಕ್ಕ ಹಾಕುವುದನ್ನು ಈ ಪದ ಯಾವತ್ತಿನಿಂದಲೋ ಹೇಳುತ್ತಲೇ ಬಂದಿದೆ. ಹಾಗಿದ್ದ ಮೇಲೆ ಆ ಅಂಕಿಗೆ ‘ಸೆಕೆಮಟ್ಟ’ ಅಂತಲೂ, ಎಚ್ಚರಿಕೆಗೆ ‘ಕಡುಸೆಕೆ’ ಅಂತಲೂ ಯಾಕೆ ಬರೆಯಬಾರದು? ‘ನಾಳೆ ಕರಾವಳಿಯಲ್ಲಿ ಕಡುಸೆಕೆ, ರಾತ್ರಿಯೂ ಇಳಿಯದು’ ಅಂದಿದ್ದರೆ ಅಮ್ಮ ಕಿಟಕಿ ತೆರೆದಿಟ್ಟು, ಒಂದು ಚೊಂಬು ಪುನರ್ಪುಳಿ ಪಾನಕ ಮಾಡಿಟ್ಟುಕೊಂಡು ಜಗಲಿಯಲ್ಲಿ ಕೂರುತ್ತಿದ್ದರು.

ಹವಾಮಾನದ ಸುದ್ದಿಯಲ್ಲಿ ಇಂಥ ಒಳ್ಳೆಯ ಪದ ಈಗಾಗಲೇ ಒಂದಿದೆ, ಅಲ್ವಾ? ‘ವಾಡಿಕೆ’. ಏಪ್ರಿಲ್‌ನಿಂದ ಜೂನ್‌ವರೆಗಿನ ಮುನ್ನೋಟ ಬಂದಾಗ ‘ವಾಡಿಕೆಗಿಂತ ಹೆಚ್ಚು’ ಅಂತ ಪತ್ರಿಕೆಗಳು ಬರೆಯುತ್ತವೆ. 30 ವರ್ಷಗಳ ಸರಾಸರಿ ಅನ್ನುವ ದೊಡ್ಡ ಲೆಕ್ಕವನ್ನು ಆ ಒಂದು ಪದ ಸಲೀಸಾಗಿ ಹೇಳಿಬಿಡುತ್ತದೆ. ಓದುವವರಿಗೆ ಅರ್ಥ ವಿವರಿಸಬೇಕಾಗಿಯೇ ಇಲ್ಲ.

ಇನ್ನು ಬರವಣಿಗೆ. ಸೆಕೆ, ಸೆಖೆ, ಶೆಕೆ ಮೂರನ್ನೂ ಅಚ್ಚಿನಲ್ಲಿ ನೋಡಿದ್ದೇನೆ. ತುಳುವಿನಲ್ಲಿ ಸೆಕೆ, ತೆಲುಗಿನಲ್ಲಿ ಸೆಗ. ಎರಡರಲ್ಲೂ ಮಹಾಪ್ರಾಣ ಇಲ್ಲ. ಹಾಗಾಗಿ ನನ್ನ ಓಟು ‘ಸೆಕೆ’ಗೆ. ಬೇರೆ ಆಧಾರ ಗೊತ್ತಿದ್ದವರು ಹೇಳಿದರೆ ತಿದ್ದಿಕೊಳ್ಳುತ್ತೇನೆ.

ನನಗೆ ಮುಖ್ಯವಾಗಿ ತಿಳಿಯಬೇಕಾದ್ದು ಘಟ್ಟದ ಮೇಲಿನವರ ಬಳಕೆ. ಮೈಸೂರು ಕಡೆ ಸೆಕೆಗೂ ಧಗೆಗೂ ವ್ಯತ್ಯಾಸ ಮಾಡುತ್ತೀರಾ, ಇಲ್ಲ ಎರಡೂ ಒಂದೇನಾ? ಧಾರವಾಡದ ಗೆಳೆಯರೊಬ್ಬರು ಮಳೆಗೆ ಮುಂಚಿನ ಗಾಳಿಯಿಲ್ಲದ ಸೆಕೆಗೆ ‘ಕುದಿ’ ಅನ್ನುತ್ತಾರೆ. ‘ಭಾಳ ಕುದಿ ಐತಿ, ಮಳಿ ಬರ್ತೈತಿ’ ಅಂತ. ಇದು ಬೇರೆ ಊರುಗಳಲ್ಲೂ ಇದೆಯೇ? ನಿಮ್ಮ ಮನೆಯ ಹಿರಿಯರು ಇದಕ್ಕೆ ಏನನ್ನುತ್ತಾರೆ ಅಂತ ಊರಿನ ಹೆಸರು ಸೇರಿಸಿ ಬರೆಯಿರಿ.