ಓಪಿಯಾಯ್ಡ್ ಎಂದರೆ ಮಾದಕ ದ್ರವ್ಯವೇ? ಇಲಿಮರಿಗೆ ‘ಚಟ’ ಹತ್ತುತ್ತದೆಯೇ?

ಪ್ರಶ್ನೆ (ಕೇರಳದ ಕುಂಬಳೆಯಿಂದ): ಎಳೆಯ ಪ್ರಾಣಿಗಳ ಮಿದುಳಿನ ಬೆಳವಣಿಗೆಯ ಬಗ್ಗೆ ಇಲ್ಲಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಬರೆಯುತ್ತಿದ್ದೇವೆ. ‘ಮಾದಕ ದ್ರವ್ಯ ಕೊಟ್ಟ ಇಲಿಮರಿಗಳಿಗೆ ಚಟ ಹತ್ತಿತು’ ಎಂಬ ವಾಕ್ಯ ಸರಿಯೇ? ಓಪಿಯಾಯ್ಡ್‌ಗೆ, ಅಫೀಮಿಗೆ ಮಲಯಾಳದಲ್ಲಿ ‘ಕರುಪ್ಪ್’ ಇದ್ದ ಹಾಗೆ, ‘ಅಫೀಮು’ ಎಂದರಾದೀತೇ? ಸ್ಟ್ರೆಸ್‌ಗೆ ‘ಒತ್ತಡ’ ಸಾಕೇ?

ಉತ್ತರ: ಮಾಷ್ಟ್ರೇ, ಗಸಗಸೆಯ ಹಸಿಕಾಯಿಯನ್ನು ಗೀರಿದಾಗ ಒಸರುವ ಸೊನೆ ಒಣಗಿದ್ದು ಅಫೀಮು. ಅದರಲ್ಲೇ ಇರುವ ಮಾರ್ಫೀನ್, ಕೊಡೀನ್‌ಗಳು ಓಪಿಯೇಟ್. ಓಪಿಯಾಯ್ಡ್ ಇನ್ನೂ ದೊಡ್ಡ ಗುಂಪು; ಕಾರ್ಖಾನೆಯ ಫೆಂಟನಿಲ್, ಮೆಥಡೋನ್ ಮಾತ್ರವಲ್ಲ, ಮೈಯೊಳಗೇ ಹುಟ್ಟುವ ಎಂಡಾರ್ಫಿನ್ ಕೂಡ ಅದರಲ್ಲಿ ಸೇರಿದೆ. ಎಂಡಾರ್ಫಿನ್ನನ್ನು ಮಾದಕ ದ್ರವ್ಯ ಎನ್ನಲಾಗದು. ‘ಓಪಿಯಾಯ್ಡ್’ ಎಂದೇ ಇಟ್ಟು, ಮೊದಲ ಸಲ ‘ಅಫೀಮಿನಂತೆ ಕೆಲಸ ಮಾಡುವ ವಸ್ತು’ ಎಂದು ಬಿಡಿಸಿ ಹೇಳಿ.

‘ಚಟ’ ಖಂಡಿತ ಬೇಡ. ಅದೇ ಪ್ರಮಾಣದ ಮದ್ದಿಗೆ ನೋವು ಮೊದಲಿನಷ್ಟು ತಗ್ಗದಿರುವುದು ಟಾಲರೆನ್ಸ್. ‘ಸಹಿಷ್ಣುತೆ’ ಎಂದು ಬರೆದರೆ ಮರಿ ನೋವು ಸಹಿಸಿತೆಂದು ಮಕ್ಕಳು ಓದಿಕೊಳ್ಳುತ್ತಾರೆ. ‘ಮದ್ದಿಗೆ ಒಗ್ಗುವುದು’ ವಾಸಿ. ಒಮ್ಮೆಲೇ ನಿಲ್ಲಿಸಿದಾಗ ಚಡಪಡಿಕೆ ಶುರುವಾದರೆ ಅದು ‘ದೈಹಿಕ ಅವಲಂಬನೆ’. ಚಟವೆನ್ನಬೇಕಾದರೆ ಪ್ರಾಣಿ ತಾನಾಗಿ ಹುಡುಕಿಕೊಂಡು ಹೋಗಬೇಕು. ಇಲಿಮರಿ ಕಣ್ಣು ತೆರೆಯುವುದೇ ಸುಮಾರು 14ನೆಯ ದಿನ. ಅಲ್ಲಿಯವರೆಗೆ ಮದ್ದು ಚುಚ್ಚುವವರು ಸಂಶೋಧಕರು.

ಪದ ತಪ್ಪಿದರೆ ಫಲಿತಾಂಶವೂ ತಿರುಚಿಹೋಗುತ್ತದೆ. ಹುಟ್ಟಿದ ದಿನವೇ ಪಾದಕ್ಕೆ ಕ್ಯಾರಗೀನನ್ ಎಂಬ ಕಡಲಪಾಚಿಯ ಅಂಟು ಚುಚ್ಚಿ ಊತ ಬರಿಸಿದ ಮರಿಗಳು ದೊಡ್ಡವಾದ ಮೇಲೆ ಸಾಮಾನ್ಯ ಹೊತ್ತಿನಲ್ಲಿ ಬಿಸಿ ತಾಗಿದರೆ ಕಾಲನ್ನು ತಡವಾಗಿ ಹಿಂದಕ್ಕೆಳೆದುಕೊಳ್ಳುತ್ತವೆ, ಅಂದರೆ ನೋವು ಕಡಿಮೆ; ಮತ್ತೆ ಊತ ಬಂದರೆ ಮಾತ್ರ ಬೇರೆ ಇಲಿಗಳಿಗಿಂತ ಹೆಚ್ಚು ನೋಯುತ್ತವೆ. ಊತಕ್ಕೆ ಮೊದಲೇ ಮಾರ್ಫೀನ್ ಕೊಟ್ಟರೆ ಈ ಬದಲಾವಣೆ ತಗ್ಗುತ್ತದೆ. ನೋವಿಲ್ಲದ ಮರಿಗೆ ಪದೇಪದೇ ಕೊಟ್ಟ ಮಾರ್ಫೀನ್ ಮಾತ್ರ ಬೇರೆಯೇ ಪರಿಣಾಮ ಬಿಡಬಲ್ಲದು. ಹಾಗಾಗಿ ‘ಮಾರ್ಫೀನ್ ಕೊಟ್ಟರು’ ಎಂದಲ್ಲೆಲ್ಲ ಆ ಮರಿಗೆ ನೋವಿತ್ತೇ, ಎಷ್ಟನೆಯ ದಿನ ಕೊಟ್ಟರು ಎಂಬುದೂ ಜೊತೆಗೇ ಬರಲಿ. ಇಲ್ಲಿ ‘ನೋವು’ ಎಂದೇ ಬರೆಯಿರಿ, ‘ಬೇನೆ’ ನಮ್ಮ ಕಡೆ ಕಾಯಿಲೆಗೂ ಸಲ್ಲುತ್ತದೆ.

‘ಒತ್ತಡ’ ಸಾಕು, ಬಿಪಿಯನ್ನು ಮಾತ್ರ ‘ರಕ್ತದೊತ್ತಡ’ ಎಂದು ಪೂರ್ತಿ ಬರೆಯಿರಿ. ಒತ್ತಡ ಯಾವುದು, ಎಷ್ಟು ಹೊತ್ತು ಎಂದೂ ಹೇಳಬೇಕು. ಮೊದಲ ವಾರಗಳಲ್ಲಿ ದಿನಕ್ಕೆ 15 ನಿಮಿಷ ತಾಯಿಯಿಂದ ದೂರವಿಟ್ಟ ಮರಿಯನ್ನು ತಾಯಿ ಆಮೇಲೆ ಹೆಚ್ಚು ನೆಕ್ಕುತ್ತದೆ. ಅಂಥ ಮರಿ ಬೆಳೆದ ಮೇಲೆ ಒತ್ತಡದಲ್ಲಿ ಕಾರ್ಟಿಕೋಸ್ಟೆರೋನ್ ಎಂಬ ಹಾರ್ಮೋನನ್ನು ಕಡಿಮೆ ಸ್ರವಿಸುತ್ತದೆ. ದಿನಕ್ಕೆ 3 ಗಂಟೆ ದೂರವಿಟ್ಟರೆ ಅನೇಕ ಪ್ರಯೋಗಗಳಲ್ಲಿ ತದ್ವಿರುದ್ಧ. ಇಲಿಯ ಮುಖ್ಯ ಒತ್ತಡ ಹಾರ್ಮೋನು ಕಾರ್ಟಿಕೋಸ್ಟೆರೋನ್. ಮನುಷ್ಯರ ಕಾರ್ಟಿಸಾಲ್ ಎಂದು ಅದನ್ನು ತಿದ್ದಬೇಡಿ.